ಪದ ಕೇಳಿಸಬೇಕು

(ಶ್ರಾವಣದ ಒಂದು ಸಂಜೆ ಶಿವಮೊಗ್ಗದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಮಾತ್ರ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಂಗೀತದ ನೆನಪು ಹೇಳಿ ಅಂತ ಕರೆದಿದ್ದಾರೆ. ನಾನು ಕಛೇರಿ ಮಾಡಿದವನಲ್ಲ, ಕೇಳುತ್ತ ಬೆಳೆದವನು. ಹಾಗಾಗಿ ಕೇಳಿದ್ದನ್ನೇ ಹೇಳುತ್ತೇನೆ.

ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಸಂಗೀತದ ಮೇಷ್ಟ್ರ ಮನೆ ಇತ್ತು. ಹೆಂಚಿನ ಮನೆ, ಎದುರಿಗೆ ಸಣ್ಣ ಜಗುಲಿ. ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು 1978ರಲ್ಲಿ, ನನಗೆ ಹತ್ತು ವರ್ಷ. ಮಳೆಗಾಲದಲ್ಲಿ ಅವರ ಹಾರ್ಮೋನಿಯಂ ಮುನಿಸಿಕೊಳ್ಳುತ್ತಿತ್ತು. ಜುಲೈ ಬಂತೆಂದರೆ ಮರ ನೀರು ಕುಡಿದು ಊದಿಕೊಂಡು ಮಧ್ಯಮ ಸ್ವರದ ಮನೆ, ಅಂದರೆ ಕೀಲಿ, ಒತ್ತಿದರೆ ಕೆಳಗೇ ಉಳಿಯೋದು, ಮೇಲೆ ಬರುತ್ತಿರಲಿಲ್ಲ. ಮೇಷ್ಟ್ರು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈ ಹೆಬ್ಬೆರಳಿನ ಉಗುರಿನಿಂದ ಆ ಮನೆಯನ್ನು ಟಕ್ ಅಂತ ಎಬ್ಬಿಸಿ ಮುಂದಕ್ಕೆ ಹೋಗೋರು. ನಮಗೆಲ್ಲ ಆ ಟಕ್ ಕೂಡ ಹಾಡಿನ ಭಾಗವೇ ಅನ್ನುವಷ್ಟು ಅಭ್ಯಾಸವಾಗಿತ್ತು. ತಬಲದ ಚರ್ಮ ಥಂಡಿಗೆ ಸಡಿಲಾದರೆ ಅದನ್ನು ಬಚ್ಚಲೊಲೆ ಹತ್ತಿರ ಸ್ವಲ್ಪ ಹೊತ್ತು ಇಟ್ಟು, ಬಿಸಿ ಆರುವ ಮೊದಲು ಸುತ್ತಿಗೆಯಿಂದ ಶ್ರುತಿ ಮಾಡಿಕೊಳ್ಳಬೇಕಿತ್ತು. ಹೆಚ್ಚು ಹೊತ್ತಿಟ್ಟರೆ ಚರ್ಮ ಬಿರಿಯುತ್ತದೆ, ಆ ಹದ ಅವರೊಬ್ಬರಿಗೇ ಗೊತ್ತು.

ಅವರು ಹೊಸ ಹಾಡು ಹೇಳಿಕೊಡುವ ಕ್ರಮ ಹೀಗಿತ್ತು. ಮೊದಲ ದಿನ ಹಾಡೇ ಇಲ್ಲ. ಸಾಹಿತ್ಯ ಬರೆದುಕೊಳ್ಳಬೇಕು. ಎರಡನೇ ದಿನ ಅದನ್ನು ಗದ್ಯ ಓದಿದ ಹಾಗೆ ಓದಿ, ಅರ್ಥ ಹೇಳಬೇಕು. ಮೂರನೇ ದಿನ ರಾಗ. ಹಾಡುವಾಗ ಶ್ರುತಿ ತಪ್ಪಿದರೆ ಹುಬ್ಬು ಗಂಟಿಕ್ಕೋರು, ತಾಳ ತಪ್ಪಿದರೆ ತೊಡೆ ತಟ್ಟಿ ತೋರಿಸೋರು. ಆದರೆ ಒಂದು ಅಕ್ಷರ ನುಂಗಿದರೆ ಸಾಕು, ತಿದಿ ನಿಲ್ಲಿಸಿಬಿಡೋರು. "ಪದ ಕೇಳಿಸ್ಲಿಲ್ಲ. ಮತ್ತೆ ಹೇಳು." ಕೋಪವಿಲ್ಲ, ದೊಡ್ಡ ದನಿಯಿಲ್ಲ. ಆದರೆ ಪದ ಕೇಳಿಸುವ ತನಕ ಹಾರ್ಮೋನಿಯಂ ಮತ್ತೆ ಉಸಿರಾಡುತ್ತಿರಲಿಲ್ಲ.

ಅದು ಅವರ ಸ್ವಭಾವ ಅಂದುಕೊಂಡಿದ್ದೆ. ಅದು ಈ ಸೀಮೆಯ ಸ್ವಭಾವ ಅಂತ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ನಮ್ಮ ಕಡೆಯ ಸಂಗೀತ, ಅದು ಕಾವ್ಯವನ್ನು ರಾಗವಾಗಿ ಓದುವ ಗಮಕವಿರಲಿ, ಭಾವಗೀತೆಯಿರಲಿ, ರಂಗಗೀತೆಯಿರಲಿ, ಹಬ್ಬದ ಪದವಿರಲಿ, ತಲೆಯ ಮೇಲೆ ಮಾತನ್ನು ಹೊತ್ತುಕೊಂಡೇ ನಡೆದದ್ದು. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತಮುತ್ತಲಿನ ಕಥೆ.

ಗಮಕದಿಂದಲೇ ಹಿಡಿಯೋಣ. ನಮ್ಮೂರಿಂದ ಏಳೆಂಟು ಕಿಲೋಮೀಟರು ಸೈಕಲ್ ತುಳಿದರೆ ತುಂಗೆಯ ಎರಡು ದಡದಲ್ಲಿ ಮತ್ತೂರು, ಹೊಸಹಳ್ಳಿ. ಮತ್ತೂರಿನ ಸಂಸ್ಕೃತದ ಬಗ್ಗೆ ಪ್ರಪಂಚಕ್ಕೆಲ್ಲ ಗೊತ್ತು. ಹೊಸಹಳ್ಳಿಯ ಗಮಕದ ಬಗ್ಗೆ ಗೊತ್ತಿರುವುದು ಅಷ್ಟಿಲ್ಲ. ನಾನು ಮೊದಲು ಅಲ್ಲಿಗೆ ಹೋದದ್ದು ಸೋದರಮಾವನ ಸೈಕಲ್ಲಿನ ಕ್ಯಾರಿಯರ್ ಮೇಲೆ. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಎದುರಿಗೆ ಕೂತವರಲ್ಲಿ ಹೊಲ ತೋಟದ ಕೆಲಸ ಮುಗಿಸಿ ಬಂದವರೇ ಹೆಚ್ಚು. ಒಂದು ಪದ್ಯ ವಾಚನವಾಗುತ್ತದೆ, ಆಮೇಲೆ ಅರ್ಥ ಬಿಡಿಸುತ್ತಾರೆ, ಮತ್ತೆ ಮುಂದಿನ ಪದ್ಯ. ರಾಗವಿದೆ, ತಾಳವಿಲ್ಲ. ಶೋಕಕ್ಕೊಂದು ರಾಗ, ವೀರಕ್ಕೊಂದು ರಾಗ. ಪದ್ಯದ ರಸ ಬದಲಾದ ಕಡೆ ರಾಗವೂ ಬದಲಾಗುತ್ತದೆ.

ಕುಮಾರವ್ಯಾಸನ ಭಾರತದ ಮೊದಲ ಪದ್ಯ ನಿಮಗೆಲ್ಲ ಬರುತ್ತದೆ. ಅಚ್ಚಿನಲ್ಲಿ ಅದು ಹೀಗಿದೆ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ...

ಭಾಮಿನಿ ಷಟ್ಪದಿಯ ಮೊದಲೆರಡು ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣ ಸೇರಿ ಸಾಲಿಗೆ 14 ಮಾತ್ರೆ. ಲೆಕ್ಕ ಅಲ್ಲಿಗೆ ತುಂಬಿತು, ಸಾಲು ಮುಗಿಯಿತು. ಆದರೆ ಪದ ಮುಗಿದಿಲ್ಲ! 'ರಾ' ಒಂದು ಸಾಲಿನ ಕೊನೆಗೆ ತೂಗಾಡುತ್ತಿದೆ, 'ಜೀವ' ಮುಂದಿನ ಸಾಲಿನಲ್ಲಿದೆ. 'ಅತಿ' ಇಲ್ಲಿ, 'ಪಾವನ' ಅಲ್ಲಿ. ಛಂದಸ್ಸು ನಿಲ್ಲು ಅನ್ನುತ್ತದೆ, ಅರ್ಥ ನಡೆ ಅನ್ನುತ್ತದೆ. ಗಮಕಿ ಛಂದಸ್ಸಿನ ಮಾತು ಕೇಳಿ ಅಲ್ಲಿ ಉಸಿರು ತೆಗೆದುಕೊಂಡರೆ ರಾಜೀವ ಎರಡು ತುಂಡು. ಹಾಗಂತ ಓಡಿಸಿಬಿಟ್ಟರೆ ಷಟ್ಪದಿಯ ನಡಿಗೆಯೇ ಹೋಗುತ್ತದೆ. ಎರಡೂ ಉಳಿಯಬೇಕು. 'ರಾ' ಮೇಲೆ ರಾಗವನ್ನು ಸ್ವಲ್ಪ ತೂಗಿ, ಕಡಿಯದೆ, 'ಜೀವ'ಕ್ಕೆ ಇಳಿಯಬೇಕು. ಪದಚ್ಛೇದ ಅನ್ನುವುದು ಇದನ್ನೇ. ಓದು ಬರಹ ಬಾರದ ನನ್ನ ಸೋದರತ್ತೆಯಂಥವರು ಕುಮಾರವ್ಯಾಸನ ಕರ್ಣನಿಗಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಈ ಕುಸುರಿಯಿಂದ. ಅವರ ಕಿವಿಗೆ ಪದ ಇಡಿಯಾಗಿ ಬಂದು ಬೀಳುತ್ತಿತ್ತು.

ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದಕ್ಕಾಗದು. 1934ರಲ್ಲಿ ಹುಟ್ಟಿದವರು. 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಅದಕ್ಕೂ ನಾಲ್ಕು ತಿಂಗಳ ಹಿಂದೆ, ಆಗಸ್ಟಿನಲ್ಲಿ, ಗಾಯಕ ಶಿವಮೊಗ್ಗ ಸುಬ್ಬಣ್ಣ ಹೋಗಿದ್ದರು. ಒಂದೇ ವರ್ಷದಲ್ಲಿ ಎರಡು ಕಂಠ. ಆ ಡಿಸೆಂಬರ್ ನನಗೆ ಬಹಳ ಕಷ್ಟವಾಯಿತು. ಇಬ್ಬರ ಪರಿಚಯವೂ ನನಗೆ ಹೆಚ್ಚಿರಲಿಲ್ಲ, ಆದರೂ ಮನೆಯ ಹಿರಿಯರು ಹೋದ ಹಾಗೆ ಅನ್ನಿಸಿತು.

ಸುಬ್ಬಣ್ಣನವರು ಹುಟ್ಟಿದ್ದು 1938ರಲ್ಲಿ, ಹೊಸನಗರ ತಾಲ್ಲೂಕಿನ ನಗರದಲ್ಲಿ. ಕಾನೂನು ಓದಿ ವಕೀಲರಾಗಿದ್ದವರು. 'ಕಾಡು ಕುದುರೆ' ಸಿನಿಮಾದಲ್ಲಿ ಕಂಬಾರರ ಹಾಡಿಗೆ ದನಿ ಕೊಟ್ಟು ರಾಷ್ಟ್ರಪ್ರಶಸ್ತಿ ತಂದರು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಆ ಸುದ್ದಿ ಬಂದಾಗ ನಮ್ಮ ಗಾಂಧಿ ಬಜಾರಿನಲ್ಲಿ ಸಂಗೀತಕ್ಕೂ ತಮಗೂ ಸಂಬಂಧವೇ ಇಲ್ಲದ ಅಂಗಡಿಯವರೂ 'ನಮ್ ಸುಬ್ಬಣ್ಣ' ಅಂತ ಹೇಳಿಕೊಂಡು ಓಡಾಡಿದ್ದು ನೆನಪಿದೆ. ಅವರ ದನಿಯಲ್ಲಿ ಒಂದು ಬೀಸು ಇತ್ತು, ಬಯಲಲ್ಲಿ ನಿಂತು ಕೂಗಿದಂಥ ಬೀಸು. ಅಷ್ಟು ಬೀಸಿನಲ್ಲೂ ಒಂದು ಒತ್ತಕ್ಷರ ಉದುರುತ್ತಿರಲಿಲ್ಲ. ನಮ್ಮ ಮೇಷ್ಟ್ರು ಅವರನ್ನು ರೇಡಿಯೋದಲ್ಲಿ ಕೇಳಿಸಿ, "ಕೇಳ್ದ್ರಾ? ಎಷ್ಟು ಎತ್ತರಕ್ಕೆ ಹೋದ್ರೂ ಪದ ಕೈಬಿಟ್ಟಿಲ್ಲ" ಅಂತಿದ್ದರು.

ರೇಡಿಯೋ ಅಂದರೆ ಭದ್ರಾವತಿ. ಬೆಂಗಳೂರು, ಧಾರವಾಡ ನಿಲಯಗಳು ಮಳೆಗಾಲದಲ್ಲಿ ಗೊರಗೊರ ಅನ್ನುತ್ತಿದ್ದವು, ಭದ್ರಾವತಿ ಮಾತ್ರ ಪಕ್ಕದ ಮನೆಯಿಂದ ಮಾತಾಡಿದ ಹಾಗೆ. 'ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್' ಅನ್ನುವುದು ನಮಗೆ ಬಾಯಿಪಾಠ. ಗಮಕವೂ ಅದರಲ್ಲೇ, ಭಾವಗೀತೆಯೂ ಅದರಲ್ಲೇ, ಯಕ್ಷಗಾನವೂ ಅದರಲ್ಲೇ, ಅಡಿಕೆ ಧಾರಣೆಯೂ ಅದರಲ್ಲೇ. ನಾವು ಇದು ಶಾಸ್ತ್ರೀಯ, ಇದು ಜಾನಪದ ಅಂತ ಬೇರೆಬೇರೆ ಕಿವಿ ಇಟ್ಟುಕೊಂಡು ಬೆಳೆಯಲಿಲ್ಲ. ಒಂದಾದ ಮೇಲೆ ಒಂದು ಬರುತ್ತಿತ್ತು, ಕೇಳುತ್ತಿದ್ದೆವು.

ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವುದಕ್ಕೆ ಹತ್ತು ಹದಿನೈದು ಜನ ಸೇರೋರು. ಮೆಟ್ಟುಗತ್ತಿಯ ಮಣೆ ಮೇಲೆ ಸಾಲಾಗಿ ಕೂತು, ಗ್ಯಾಸ್‌ಲೈಟಿನ ಬೆಳಕಲ್ಲಿ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಾಯಿ ಕಿವಿ ಎರಡೂ ಖಾಲಿ. ರೇಡಿಯೋ ಇದ್ದಷ್ಟು ಹೊತ್ತು ರೇಡಿಯೋ. ನಿಲಯ ಮುಚ್ಚಿದ ಮೇಲೆ ಯಾರಾದರೂ ಒಬ್ಬರು ಪದ ಎತ್ತಿಕೊಳ್ಳೋರು. ಸೋಬಾನೆ ಪದ, ದೀಪಾವಳಿ ಪದ, ಯಕ್ಷಗಾನದ ಆಟದಲ್ಲಿ ಕೇಳಿದ ಭಾಗವತರ ಪದ್ಯ. ಒಬ್ಬರಿಗೆ ಸಾಲು ಮರೆತರೆ ಮೂಲೆಯಿಂದ ಇನ್ನೊಬ್ಬರು ಎತ್ತಿಕೊಡೋರು. ಹಾಡು ಒಬ್ಬರ ತಲೆಯಲ್ಲಿ ಇರುತ್ತಿರಲಿಲ್ಲ ನೋಡಿ, ಆ ಅಂಗಳದಲ್ಲಿ ಇರುತ್ತಿತ್ತು. ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ. ಅದನ್ನು ನಾನು ದೂರುವುದಿಲ್ಲ. ರಾತ್ರಿ ಒಂದು ಗಂಟೆವರೆಗೆ ಕೂತು ಸುಲಿದು ಬೆರಳೆಲ್ಲ ಗಾಯ ಮಾಡಿಕೊಂಡ ಹೆಂಗಸರನ್ನು ನೋಡಿದ್ದೇನೆ, ಬೆನ್ನು ನೆಟ್ಟಗೆ ಮಾಡಲಾಗದೆ ಎದ್ದವರನ್ನು ನೋಡಿದ್ದೇನೆ. ಯಂತ್ರ ಬಂದದ್ದು ಒಳ್ಳೆಯದೇ ಆಯಿತು. ಆದರೆ ಅದರ ಸದ್ದಿನ ಪಕ್ಕ ಯಾರೂ ಹಾಡಲಾರರು. ಹತ್ತು ಜನ ಸುಮ್ಮನೆ ಒಟ್ಟಿಗೆ ಕೂರುವುದಕ್ಕೆ ಇದ್ದ ಕಾರಣವೂ ಅದರ ಜೊತೆಗೇ ಹೋಯಿತು.

ಪೇಟೆಗೆ ಬರೋಣ. ನಿಸಾರ್ ಅಹಮದರು ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದವರು. ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಧ್ವನಿಸುರುಳಿಯಾಗಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಆ ಕವಿತೆ ಶುರುವಾಗುವುದೇ ಜೋಗದಿಂದ, ಅದರ ಬೆನ್ನಿಗೇ ತುಂಗೆ. ಇಡೀ ನಾಡು ಹಾಡುವ ಹಾಡಿನಲ್ಲಿ ನಾವು ಬೆಳಗ್ಗೆ ಎದ್ದು ನೋಡುವ ಹೊಳೆ! ಹತ್ತು ವರ್ಷದ ಹುಡುಗನಿಗೆ ಅದು ಏನು ಅನ್ನಿಸಿರಬೇಕು, ಊಹಿಸಿಕೊಳ್ಳಿ. ಆಮೇಲೆ 2006ರಲ್ಲಿ ಸಾಹಿತ್ಯ ಸಮ್ಮೇಳನ ಇದೇ ಊರಲ್ಲಿ ಆದಾಗ ಅವರೇ ಅಧ್ಯಕ್ಷರು. ಆ ದಿನಗಳಲ್ಲಿ ಊರಿನ ಯಾವ ಬೀದಿಗೆ ಹೋದರೂ ಆ ಹಾಡು.

ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪನವರು, ಇದೇ ಊರಿನ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು, ಕುಪ್ಪಳಿಯ ಕುವೆಂಪು ಅಂತೂ ಸರಿಯೇ. ಭಾವಗೀತೆಯ ಕ್ಯಾಸೆಟ್ಟುಗಳ ಹಿಂದೆ ಬರೆದಿರುತ್ತಿದ್ದ ಕವಿಗಳ ಹೆಸರಲ್ಲಿ ಅರ್ಧಕ್ಕರ್ಧ ನಮ್ಮ ಜಿಲ್ಲೆಯವರು ಅನ್ನಿಸುತ್ತಿತ್ತು ನಮಗೆ. ಪದ ಬರೆಯುವವರು ಇಲ್ಲಿಯವರೇ ಆಗಿರುವಾಗ ಪದ ಕೇಳಿಸಲಿ ಅಂತ ಹಟ ಹಿಡಿಯುವ ಮೇಷ್ಟ್ರು ಇಲ್ಲಿ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. 1930ರಲ್ಲಿ ಶುರುವಾದ ನಮ್ಮ ಕರ್ನಾಟಕ ಸಂಘದಲ್ಲಿ ಕವಿತೆ ಓದುವುದನ್ನು ಕೇಳಲು ಬಂದವರೂ, ಹಾಡುವುದನ್ನು ಕೇಳಲು ಬಂದವರೂ ಅದೇ ಜನ. ಹೆಗ್ಗೋಡಿನ ನೀನಾಸಂ ನಾಟಕಕ್ಕೆ ಹೋಗಿ ಬಂದವರು ವಾರಗಟ್ಟಲೆ ಅದರ ಹಾಡುಗಳನ್ನು ಬಾಯಲ್ಲಿ ಆಡಿಸುತ್ತಿದ್ದರು. ಸಂಭಾಷಣೆ ಮುಗಿದು ಹಾಡು ಶುರುವಾದದ್ದೇ ಗೊತ್ತಾಗದ ಹಾಗೆ ಅವರು ಹಾಡುತ್ತಿದ್ದದ್ದು, ಅದನ್ನು ನೀವೂ ಕೇಳಿದ್ದೀರಿ.

ಕ್ಯಾಸೆಟ್ ಅಂಗಡಿಗಳ ಕಾಲ ನಮ್ಮ ವಯಸ್ಸಿನವರಿಗೆ ಮರೆಯುವುದಲ್ಲ. ಹಾಳೆಯ ಮೇಲೆ ಹಾಡಿನ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡೋರು. ಅರವತ್ತು ನಿಮಿಷದ್ದು, ಇಲ್ಲದಿದ್ದರೆ ತೊಂಬತ್ತರದ್ದು. ಯಾವ ಹಾಡಿನ ಪಕ್ಕ ಯಾವುದು ಬರಬೇಕು ಅಂತ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆವು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳದ್ದು ಇನ್ನೊಂದು ಲೋಕ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದೀರಿ, ಬಿಡುತ್ತೇನೆ.

ಈ ಕ್ಯಾಸೆಟ್ಟಿನದ್ದೇ ಒಂದು ಸಂಗತಿ ಹೇಳಬೇಕು. ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ.

ನಮ್ಮ ಅಜ್ಜ ಅಂಟಿಗೆ-ಪಂಟಿಗೆಯ ತಂಡದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು. ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ: ದೀಪಾವಳಿಯ ರಾತ್ರಿ ಮಲೆನಾಡಿನ ಹಳ್ಳಿಗಳಲ್ಲಿ ಗಂಡಸರ ತಂಡವೊಂದು ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುತ್ತದೆ. ನಮ್ಮ ಕಡೆ ಮನೆಗಳು ಒತ್ತಾಗಿರುವುದಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಹಳ್ಳ, ಗುಡ್ಡ. ಆ ಗಾಳಿಯಲ್ಲಿ ದೀಪ ಆರದಂತೆ ಕಾಪಾಡಿಕೊಂಡು ಹೋಗಬೇಕು. ಅಂಗಳಕ್ಕೆ ಬಂದು ಬಾಗಿಲು ತೆಗೆಸುವ ಪದ ಹಾಡುತ್ತಾರೆ. ಮನೆಯವರು ಎದ್ದು ಬಂದು ದೀಪಕ್ಕೆ ಎಣ್ಣೆ ಎರೆದು, ಆ ದೀಪದಿಂದ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ಕಾಸು, ಹಬ್ಬದ ತಿಂಡಿ ಕೊಟ್ಟು ಕಳಿಸುತ್ತಾರೆ. ಮುಂದೆ ಇಬ್ಬರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ವಾದ್ಯ ಒಂದೂ ಇಲ್ಲ. ಬರೀ ಪದ.

1983ರ ದೀಪಾವಳಿಗೆ ಮಾವನ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಅಜ್ಜನನ್ನು ಹಗಲಲ್ಲಿ ಜಗುಲಿಯ ಮೇಲೆ ಕೂರಿಸಿ ಹಾಡಿಸಿದೆ. "ಹಗಲೊತ್ತು ಎಂತಕ್ಕೆ ಮಾರಾಯ ದೀಪದ ಪದ" ಅಂತ ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಹಣತೆ ಹಚ್ಚಿಸಿ ಎದುರಿಗೆ ಇಟ್ಟುಕೊಂಡು ಹಾಡಿದರು. ಬಾಗಿಲು ತೆಗೆಸುವ ಪದ, ಪೂರ್ತಿ. ಹಿನ್ನೆಲೆಯಲ್ಲಿ ಕೊಟ್ಟಿಗೆಯ ದನದ ಗಂಟೆ, ಒಮ್ಮೆ ಅಜ್ಜಿ ಯಾರನ್ನೋ ಕರೆದದ್ದು, ಎಲ್ಲ ಅದರಲ್ಲಿ ಬಂದಿತ್ತು. ಎರಡು ವರ್ಷಕ್ಕೆ ಅಜ್ಜ ಹೋದರು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವಲ್ಲ, ಅದನ್ನು ಮುರಿದುಬಿಟ್ಟರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ನನಗೆ ಅದು ಗೊತ್ತಿತ್ತು. ಮುರಿಯಲಿಲ್ಲ. ಮೇಲೆ ಹೆಸರೂ ಬರೆಯಲಿಲ್ಲ. ಮನೆಯಲ್ಲಿ ಚಿಕ್ಕವರು ಯಾರೋ ಖಾಲಿ ಕ್ಯಾಸೆಟ್ ಅಂದುಕೊಂಡು ರೇಡಿಯೋದಿಂದ ಸಿನಿಮಾ ಹಾಡು ತುಂಬಿಸಿದರು. ತಪ್ಪು ಅವರದಲ್ಲ, ನನ್ನದು. ಗೊತ್ತಾದ ದಿನ ಎರಡೂ ಬದಿಯನ್ನು ಕೊನೆವರೆಗೆ ಓಡಿಸಿ ಕೇಳಿದೆ. ಒಂದು ಬದಿಯ ತುದಿಯಲ್ಲಿ, ಸಿನಿಮಾ ಹಾಡು ನಿಂತ ಮೇಲೆ, ಅಜ್ಜ ಕೆಮ್ಮಿ "ಸಾಕಾ?" ಅಂದದ್ದು ಮಾತ್ರ ಉಳಿದಿತ್ತು.

ರಾಗ ನನಗೆ ಪೂರ್ತಿ ನೆನಪಿದೆ. ಈಗ ಎಬ್ಬಿಸಿ ಕೇಳಿದರೂ ಮೊದಲಿಂದ ಕೊನೆವರೆಗೆ ಗುನುಗಬಲ್ಲೆ. ಪದ ಹೋಗಿದೆ. ಮನೆಯೊಡತಿಯನ್ನು ಎಬ್ಬಿಸುವ ಮೊದಲಿನ ಸಾಲುಗಳಿವೆ, ಎಣ್ಣೆ ಕೇಳುವ ಕೊನೆಯ ಸಾಲುಗಳಿವೆ. ನಡುವೆ ದೀಪ ತಾನು ನಡೆದು ಬಂದ ದಾರಿಯನ್ನು ಹೇಳಿಕೊಳ್ಳುವ ಭಾಗವೊಂದಿತ್ತು. ಯಾವ ಹಳ್ಳ ದಾಟಿದೆ, ಯಾವ ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ನಡೆದೆ, ಯಾರ ಮನೆ ಬೆಳಗಿ ಬಂದೆ ಅಂತ. ಅದು ಇಲ್ಲ. ಅಲ್ಲಿ ನನ್ನ ಬಾಯಿ 'ಲಲಲ' ಅನ್ನುತ್ತದೆ. ಗಮಕಕ್ಕೆ ಪುಸ್ತಕವಿದೆ, ಭಾವಗೀತೆಗೆ ಕವನ ಸಂಕಲನವಿದೆ. ಇದಕ್ಕೆ ಇದ್ದದ್ದು ಬಾಯಿ ಮಾತ್ರ.

ಈ ನಲವತ್ತು ವರ್ಷದಲ್ಲಿ ಊರು ಎಷ್ಟು ಬೆಳೆದಿದೆ ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ, ಅದಕ್ಕೆ ಕುವೆಂಪು ಹೆಸರು. ದುರ್ಗಿಗುಡಿಯ ಮೇಷ್ಟ್ರ ಮನೆ ಇದ್ದಲ್ಲಿ ಮೂರು ಮಹಡಿಯ ಕಟ್ಟಡ ನಿಂತಿದೆ. ಸಂಗೀತ ಕಲಿಯುವ ಮಕ್ಕಳು ನಮ್ಮ ಕಾಲಕ್ಕಿಂತ ಹೆಚ್ಚೇ ಇದ್ದಾರೆ, ಮತ್ತು ನಾನು ಕೇಳಿದ ಮಟ್ಟಿಗೆ ಅವರ ಶ್ರುತಿ ನಮಗಿಂತ ಎಷ್ಟೋ ಶುದ್ಧ. ಎಲೆಕ್ಟ್ರಾನಿಕ್ ತಂಬೂರಿ ಮಳೆಗಾಲಕ್ಕೆ ಊದಿಕೊಳ್ಳುವುದಿಲ್ಲವಲ್ಲ! ಬೇಕಾದ ಹಾಡು ಬೇಕೆಂದ ಗಳಿಗೆಯಲ್ಲಿ ಫೋನಿನಲ್ಲಿದೆ. ಹಳೆಯ ಕ್ಯಾಸೆಟ್ಟುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಯೂಟ್ಯೂಬಿಗೆ ಏರಿಸಿದ ಪುಣ್ಯಾತ್ಮರಿಗೆ ನಾನು ದಿನವೂ ಮನಸ್ಸಿನಲ್ಲಿ ಕೈಮುಗಿಯುತ್ತೇನೆ.

ನನ್ನ ಸಂಕಟ ಬೇರೆ ಕಡೆ ಇದೆ. ಹೋದ ವರ್ಷ ನೆಂಟರ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹಾಡಿದಳು. ಬಂಗಾರದಂಥ ಕಂಠ. ಮುಂದೆ ಫೋನಿತ್ತು, ಸಾಹಿತ್ಯ ಅದರಲ್ಲಿ. ಹಾಡಿನಲ್ಲಿ ಬಳೆ ಅನ್ನುವ ಮಾತು ಬಂತು, ಅವಳು ಬಲೆ ಅಂದಳು. ಎರಡನೇ ಸಲವೂ ಬಲೆ. ಹಾಡು ಮುಗಿದ ಮೇಲೆ ಹತ್ತಿರ ಕರೆದು ಫೋನು ನೋಡಿದೆ. ಕನ್ನಡದ ಹಾಡು ಇಂಗ್ಲಿಷ್ ಅಕ್ಷರದಲ್ಲಿತ್ತು. ಆ ಅಕ್ಷರದಲ್ಲಿ ಬಲೆ, ಬಳೆ, ಬಾಲೆ, ಬಾಳೆ ನಾಲ್ಕೂ ಒಂದೇ ಥರ ಕಾಣುತ್ತವೆ. ಮಗು ಏನು ಮಾಡೀತು? ಅವಳ ರಾಗದಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ನಾನು ಒಂದು ಹಾಳೆ ತಗೊಂಡು ಆ ಹಾಡನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅವಳು ಗದ್ಯದಂತೆ ಓದಿದಳು. 'ಓ, ಬಳೆನಾ!' ಅಂತ ತನ್ನ ಕೈ ನೋಡಿಕೊಂಡಳು. ಮತ್ತೆ ಹಾಡಿದಾಗ ಆ ಸಾಲಿಗೆ ಬಂದಲ್ಲಿ ಅವಳ ದನಿ ತಾನಾಗಿಯೇ ಸ್ವಲ್ಪ ಮೆತ್ತಗಾಯಿತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡುವ ತಾಯಂದಿರು, ಮೇಷ್ಟ್ರುಗಳು ಇಲ್ಲಿ ಬಹಳ ಜನ ಇದ್ದೀರಿ. ಕೈಮುಗಿದು ಕೇಳುತ್ತೇನೆ, ಮಕ್ಕಳ ಕೈಯಲ್ಲಿ ಕನ್ನಡ ಅಕ್ಷರದಲ್ಲೇ ಹಾಡು ಬರೆಸಿ. ಊರಲ್ಲಿ ಹಿರಿಯರಿದ್ದರೆ ಅವರ ಪದವನ್ನು ಫೋನಿನಲ್ಲಿ ಹಿಡಿದ ದಿನವೇ ಹಾಳೆಗೂ ಇಳಿಸಿ. ಫೋನೂ ಕ್ಯಾಸೆಟ್ಟಿನ ಹಾಗೇ, ಅಳಿಸಿಹೋಗುವುದಕ್ಕೆ ಒಂದು ಬೆರಳು ಸಾಕು.

ಹೋದ ದೀಪಾವಳಿಗೆ ತೀರ್ಥಹಳ್ಳಿ ಕಡೆ ಹೋಗಿ ನಾಲ್ಕು ಮನೆ ಅಲೆದೆ. ಅಜ್ಜನ ತಂಡದಲ್ಲಿ ಹಿಂದೆ ನಿಂತು ಹಾಡುತ್ತಿದ್ದವರೊಬ್ಬರು ಸಿಕ್ಕರು, ಎಂಬತ್ತು ದಾಟಿದೆ. ಅವರಿಗೂ ರಾಗ ಬಂತು, ಪದ ಬರಲಿಲ್ಲ. ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದು, "ಸಂಕ ದಾಟಿದ ಮೇಲೆ ಒಂದು ಹೆಣ್ಣಿನ ಹೆಸರು ಬರ್ತದೆ" ಅಂದರು. ಅಷ್ಟೇ ಸಿಕ್ಕಿದ್ದು. ಅದನ್ನು ಬರೆದಿಟ್ಟುಕೊಂಡಿದ್ದೇನೆ.

ಈ ಸಭೆಯಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಇದ್ದೀರಿ, ಕೆಲವರ ಮುಖ ಕಾಣುತ್ತಿದೆ. ನಾನು ಈಗ ಆ ರಾಗವನ್ನು ಮೊದಲಿಂದ ಗುನುಗುತ್ತೇನೆ. ಎಲ್ಲಿ ನಿಮ್ಮ ಬಾಯಿಗೆ ಪದ ಬರುತ್ತದೋ ಅಲ್ಲಿ ದಯವಿಟ್ಟು ನನ್ನನ್ನು ನಿಲ್ಲಿಸಿ.